ಅಮಾವಾಸ್ಯೆಯ ದಿನ ಅಳಿಸಿದ ಗೆರೆ

ಖಾಜಾ, ಆ ಶಾಫ್ಟಿನ ತಪ್ಪು ನಿನ್ನ ಬೆಸುಗೆಯದಲ್ಲ, ನನ್ನ ಗೆರೆಯದು. ಇದು ನನಗೆ ಆಗಲೇ ಗೊತ್ತಿತ್ತು. ಪೂರಾ ಗೊತ್ತಿತ್ತೋ, ಅರ್ಧ ಗೊತ್ತಿತ್ತೋ — ಅದನ್ನು ಮಾತ್ರ ಇವತ್ತಿಗೂ ಹೇಳಲಾರೆ.

ಎಂಬತ್ತನೇ ಇಸವಿಯ ಆಸುಪಾಸು. ಸಿರುಗುಪ್ಪದ ಅಕ್ಕಿ ಗಿರಣಿಯ ಸಾಹುಕಾರರು ತಮ್ಮ ಪೆಟ್ರೋಲ್ ಕಾರಿಗೆ ಡೀಸೆಲ್ ಎಂಜಿನ್ ಕೂರಿಸಿದ್ದರು. ಹೊಸ ಗೇರ್‌ಬಾಕ್ಸ್ ಉದ್ದ, ಹಾಗಾಗಿ ಅಲ್ಲಿಂದ ಹಿಂದಿನ ಚಕ್ರಗಳನ್ನು ತಿರುಗಿಸುವ ಶಾಫ್ಟನ್ನು ಗೇಣುದ್ದ ಗಿಡ್ಡ ಮಾಡಬೇಕಿತ್ತು. ಕೌಲ್ ಬಜಾರಿನಲ್ಲಿ ಗೋಡೆಗೆ ಗೋಡೆ ಹತ್ತಿದ ಅಂಗಡಿಗಳು ನಮ್ಮವು. ಲೇತಿನಲ್ಲಿ ಕತ್ತರಿಸುವವನು ನಾನು, ಬೆಸೆಯುವವನು ನೀನು. ಶಾಫ್ಟಿನ ಎರಡು ತುದಿಯ ಕವಲು ತುಂಡುಗಳು, ಅಂದರೆ ಕವೆಗಳು, ಒಂದೇ ನೇರಕ್ಕೆ ನಿಲ್ಲಬೇಕು; ಓರೆಯಾದರೆ ಓಡುವಾಗ ನಡುಗಿ ಮುರಿಯುತ್ತವೆ. ಅದಕ್ಕೇ ಮೊದಲು ಶಾಫ್ಟಿನ ಕೊಳವೆಯುದ್ದಕ್ಕೂ ಸೀಮೆಸುಣ್ಣದ ಗೆರೆ ಎಳೆದು, ಆಮೇಲೆ ಕತ್ತರಿಸಿದ್ದೆ. ಮರುದಿನ ಅಮಾವಾಸ್ಯೆ. ಪದ್ಧತಿಯಂತೆ ಅಂಗಡಿಯ ಕಬ್ಬಿಣವನ್ನೆಲ್ಲ ಒದ್ದೆ ಬಟ್ಟೆಯಿಂದ ಒರೆಸಿ, ವಿಭೂತಿ ಹಚ್ಚಿ, ಕಾಯಿ ಒಡೆದೆ. ಗೆರೆಯನ್ನೂ ಒರೆಸಿಬಿಟ್ಟಿದ್ದೇನೆಂದು ತಿಳಿದದ್ದು ಆಮೇಲೆ. ಸಾಹುಕಾರರು ಅವಸರ ಮಾಡುತ್ತ ಬಾಗಿಲಲ್ಲೇ ನಿಂತಿದ್ದರು — ಕಣ್ಣಳತೆಯಲ್ಲಿ ಇನ್ನೊಂದು ಗೆರೆ ಎಳೆದು ನಿನ್ನ ಕೈಗೆ ಕೊಟ್ಟೆ.

'ಗೆರಿ ಸರಿ ಐತೇನಲೇ ಬಸ್ಯಾ?' ಎಂದು ನೀನು ಕೇಳಿದೆ.

'ಸರಿ ಐತಿ, ಕಣ್ಣು ಮುಚ್ಚಿ ಬೆಸಿಗಿ ಹಾಕಲೇ' ಎಂದೆ ನಾನು.

ಹದಿನೈದು ದಿನಕ್ಕೆ ಕುರುಗೋಡಿನ ದಾರಿಯಲ್ಲಿ ಕಾರು ಗಡಗಡ ನಡುಗಿ, ಶಾಫ್ಟ್ ಕಳಚಿಬಿತ್ತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಸಾಹುಕಾರರು ಅದನ್ನು ಗೋಣಿಚೀಲದಲ್ಲಿ ಸುತ್ತಿ ತಂದು ನನ್ನ ಮುಂದೆ ಹಾಕಿದರು.

'ಬೆಸಿಗಿ ಯಾರ ಕೈದು?'

'ಖಾಜಾಂದ್ರಿ' ಎಂದೆ.

ಸುಳ್ಳಲ್ಲ. ಅದೇ ನನಗೆ ಬಗೆಹರಿಯದ್ದು — ನಿಜವನ್ನೇ ಹೇಳಿ ನಿನ್ನ ಕೊರಳು ಕೊಯ್ದೆ. ಅವರು ಹೋದ ಮೇಲೆ ಚೀಲ ಬಿಚ್ಚಿದೆ. ಒಂದು ಕವೆಯ ಕವಲು ಮುರಿದಿತ್ತು. ಎರಡು ಕವೆಗಳೂ ಒಂದಕ್ಕೊಂದು ಓರೆಯಾಗಿದ್ದವು. ನಿನ್ನ ಬೆಸುಗೆ ಮಾತ್ರ ಕೂದಲೆಳೆಯಷ್ಟೂ ಬಿಟ್ಟಿರಲಿಲ್ಲ. ನೀನು ನೋಡಲು ಓಡಿಬಂದಾಗ 'ಗುಜರಿಗೆ ಹಾಕಿದೆ' ಎಂದೆ. ಇದು ಸುಳ್ಳು. ಯಾಕೆ ಹೇಳಿದೆ? ಅಂಜಿಕೆಯೇ? ಗಿರಾಕಿ ಕೈತಪ್ಪಿಯಾರೆಂದೇ? ಅಥವಾ ಬಜಾರಿನಲ್ಲಿ ನಿನ್ನ ಕೈಗೆ ನನ್ನ ಕೈಗಿಂತ ಹೆಚ್ಚು ಹೆಸರಿತ್ತೆಂದು — ಇರಬಹುದು, ಖಾಜಾ, ಅದೂ ಇರಬಹುದು.

ಸುದ್ದಿ ಹಬ್ಬಿತು. ಗಾಡಿ ಕೆಲಸ ನಿನ್ನ ಅಂಗಡಿ ದಾಟಿ ಮುಂದೆ ಹೋಗತೊಡಗಿತು. 'ನನ್ನ ಕೈಯಾಗ ಏನೋ ಹೋಗೇತಿ, ಬಸಣ್ಣ' ಎಂದೆ ನೀನು ಒಂದು ದಿನ. ಬಸ್ಯಾ ಅನ್ನುವುದನ್ನೂ ಬಿಟ್ಟಿದ್ದೆ. ಆಮೇಲೆ ನೀನು ಬರೀ ಕಿಟಕಿ ಸರಳು ಬೆಸೆದೆ. ನಿನ್ನ ಕೈಯನ್ನು ನೀನೇ ನಂಬದ ಹಾಗೆ ಮಾಡಿದವನು ನಾನು.

ಆ ಶಾಫ್ಟ್ ನಮ್ಮ ಅಟ್ಟದ ಮೇಲಿದೆ. ಇಷ್ಟು ವರ್ಷ ಯಾಕೆ ತೋರಿಸಲಿಲ್ಲವೋ, ಯಾಕೆ ಎಸೆಯಲೂ ಇಲ್ಲವೋ — ನನಗೇ ತಿಳಿಯದು. ಇವತ್ತು ಇಳಿಸಿ ತುಕ್ಕು ಉಜ್ಜಿದೆ. ನಿನ್ನ ಕಣ್ಣು ಈಗ ಮಬ್ಬಂತೆ. ನಾಳೆ ಬೆಳಿಗ್ಗೆ ಅದನ್ನು ತಂದು ನಿನ್ನ ತೊಡೆಯ ಮೇಲಿಡುತ್ತೇನೆ. ಬೆರಳಿಂದ ಸವರಿ ನೋಡು, ಬೆಸುಗೆ ಇನ್ನೂ ಗಟ್ಟಿಯಾಗಿದೆ. ಆಮೇಲೆ ನೀನು ಏನಂದರೂ ಕೇಳಿಕೊಂಡು ಕೂರುತ್ತೇನೆ.