ದೀಪ ಹಚ್ಚಿದ ಮೇಲೆ ಹೆಪ್ಪು

ಚಳಿಗಾಲದಲ್ಲಿ ನಮ್ಮ ಮನೆಯ ಮೊಸರು ಹೆಪ್ಪಾಗುವುದು ಕಂಪ್ಯೂಟರಿನ ಪಕ್ಕದಲ್ಲಿ. ಇದನ್ನು ಹೇಳಿಕೊಳ್ಳಲು ನನಗೆ ಸ್ವಲ್ಪ ನಾಚಿಕೆ, ನಮ್ಮ ಅತ್ತೆಗೆ ಬಹಳ ಹೆಮ್ಮೆ. ಅಥಣಿ ರಸ್ತೆಯ ನಮ್ಮ ಮನೆಯ ಶೋಕೇಸಿನ ಕೆಳಗಿನ ಖಾನೆಯಲ್ಲಿ ಪರದೆಯಿಲ್ಲದ, ಕೀಲಿಮಣೆಯಿಲ್ಲದ ಒಂದು ಕರಿಯ ಪೆಟ್ಟಿಗೆ ಹಗಲೂ ರಾತ್ರಿ ಗುಂಯ್ ಎನ್ನುತ್ತ ಕೂತಿರುತ್ತದೆ. ಅದರ ಬೆನ್ನಿನಿಂದ ಹದವಾದ ಬೆಚ್ಚನೆಯ ಗಾಳಿ ಬರುತ್ತದೆ. ಪೆಟ್ಟಿಗೆ ಬಂದ ವಾರದಲ್ಲೇ ಅತ್ತೆ ಇದನ್ನು ಪತ್ತೆ ಹಚ್ಚಿ, ಹಾಲಿನ ಗಡಿಗೆಯನ್ನು ಅದರ ಹಿಂದೆ ಇಟ್ಟುಬಿಟ್ಟರು. ಅಂದಿನಿಂದ ಪೆಟ್ಟಿಗೆಯ ಮೇಲೆ ನನಗೆಷ್ಟು ಹಕ್ಕಿದೆಯೋ ಅವರಿಗೂ ಅಷ್ಟೇ ಇದೆ.

ಮನೆಗೆ ಬಂದವರೆಲ್ಲ ಇದೇನೆಂದು ಕೇಳುತ್ತಾರೆ. ಇನ್ವರ್ಟರೋ, ನೀರು ಸೋಸುವುದೋ ಎಂದು ಅವರೇ ಊಹಿಸುತ್ತಾರೆ. ‘ರಿಜಿಸ್ಟ್ರಿ’ ಎಂದರೆ ಮುಗಿಯಿತು, ಯಾವ ಹೊಲದ್ದು, ಎಷ್ಟು ಎಕರೆ ಎಂದು ಮಾತು ಬೇರೆ ಕಡೆ ಹೊರಟುಬಿಡುತ್ತದೆ. ಹಾಗಾಗಿ ನಾನೀಗ ಬುತ್ತಿಯ ಲೆಕ್ಕದಲ್ಲಿ ಹೇಳುವುದನ್ನು ರೂಢಿಸಿಕೊಂಡಿದ್ದೇನೆ. ಹೊಲಕ್ಕೆ ಹೋಗುವವರಿಗೆ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಉಳ್ಳಾಗಡ್ಡಿ ಎಲ್ಲ ಸೇರಿಸಿ ಅರಿವೆಯಲ್ಲಿ ಗಂಟು ಕಟ್ಟುತ್ತೇವಲ್ಲ, ಬಿಚ್ಚಿದ ಕಡೆ ಉಪ್ಪು ಕೂಡ ಹುಡುಕಬೇಕಾಗುವುದಿಲ್ಲ. ಕಂಪ್ಯೂಟರಿನವರೂ ಒಂದು ಪ್ರೋಗ್ರಾಮನ್ನು ಅದಕ್ಕೆ ಬೇಕಾದ ಸಕಲ ಸಾಮಾನಿನೊಂದಿಗೆ ಹೀಗೇ ಗಂಟು ಕಟ್ಟುತ್ತಾರೆ. ಅದಕ್ಕೆ ಕಂಟೇನರ್ ಇಮೇಜ್ ಎಂದು ಹೆಸರು. ಅಂಥ ಬುತ್ತಿಗಳನ್ನು ಚೀಟಿ ಹಚ್ಚಿ ಜೋಡಿಸಿಟ್ಟು, ಕೇಳಿದವರಿಗೆ ಕೇಳಿದ್ದನ್ನು ಕಳಿಸುವ ಕಪಾಟೇ ಈ ರಿಜಿಸ್ಟ್ರಿ. ಬಾಡಿಗೆಯ ಕಪಾಟುಗಳು ದೊಡ್ಡ ಊರುಗಳಲ್ಲಿ ಬೇಕಾದಷ್ಟಿವೆ. ಆದರೆ ನನ್ನ ಮನೆಯ ಬುತ್ತಿಯನ್ನು ಕಂಡವರ ಮನೆಯ ಮಾಡದಲ್ಲಿಟ್ಟು ಪ್ರತಿ ಸಲ ಅಪ್ಪಣೆ ಕೇಳುವುದು ನನ್ನ ಸ್ವಭಾವಕ್ಕೆ ಒಗ್ಗಲಿಲ್ಲ.

ಬುತ್ತಿ ಉಣ್ಣುವವರು ಯಾರು ಅಂತೀರಾ? ಟಿಕೋಟಾ, ಬಬಲೇಶ್ವರ ಕಡೆಯ ಒಣದ್ರಾಕ್ಷಿ ಶೆಡ್ಡುಗಳು. ನಾನು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಕೆಲಸ ಬಿಟ್ಟ ಮೇಲೆ ಆ ಶೆಡ್ಡುಗಳಿಗೆ ಅಂಗೈಯಗಲದ ಒಂದೊಂದು ಮಷಿನ್ ಕೂಡಿಸಿಕೊಟ್ಟಿದ್ದೇನೆ. ರ್‍ಯಾಕಿನ ಮೇಲೆ ದ್ರಾಕ್ಷಿ ಒಣಗುತ್ತಿರುವಾಗ ಗಾಳಿಯಲ್ಲಿ ಹಸಿ, ಅಂದರೆ ತೇವ, ಏರಿದರೆ ಶೆಡ್ಡಿನ ಸುತ್ತಲಿನ ಟಾರ್ಪಾಲು ಇಳಿಸಲಿ ಎಂದು ಅದು ಮಾಲೀಕರಿಗೆ ಫೋನು ಹಚ್ಚುತ್ತದೆ. ಮೊದಮೊದಲು ಬರೀ ಕುಂಯ್ ಎನ್ನುತ್ತಿತ್ತು, ಯಾರೂ ಏಳುತ್ತಿರಲಿಲ್ಲ. ಆಮೇಲೆ ಅತ್ತೆಯ ದನಿಯನ್ನೇ ರೆಕಾರ್ಡ್ ಮಾಡಿ ಹಾಕಿದೆ: “ಏಳ್ರಿ, ಹಸಿ ಏರಾಕತ್ತೈತಿ, ತಾಡಪತ್ರಿ ಇಳಸ್ರಿ.” ಈ ದನಿಗೆ ಏಳದವರು ಎರಡು ತಾಲ್ಲೂಕಿನಲ್ಲೂ ಇಲ್ಲ. ಒಂದು ಶೆಡ್ಡನ್ನೂ ಕಾಣದ ಅತ್ತೆ ಎಲ್ಲ ಶೆಡ್ಡಿನವರನ್ನೂ ಗದರಿಸುತ್ತಾರೆ.

ಕಪಾಟು ಸ್ವಂತದ್ದು ಎಂದರೆ ಕಸವೂ ಸ್ವಂತದ್ದೇ. ಕರೆಂಟು ಹೋದರೆ ಇನ್ವರ್ಟರು ಪೆಟ್ಟಿಗೆಗೋ ಫ್ಯಾನಿಗೋ ಎಂದು ನಮ್ಮ ಯಜಮಾನರ ಜೊತೆ ಪಂಚಾಯಿತಿ. ಬಾಗಿಲು ಕಾಯುವ ಸರ್ಟಿಫಿಕೇಟಿಗೆ ಬಸ್ ಪಾಸಿನ ಹಾಗೆ ಅವಧಿ. ಮರೆತರೆ ನನ್ನ ಪೆಟ್ಟಿಗೆಯೇ ನನ್ನನ್ನು ಯಾರು ನೀನು ಎನ್ನುತ್ತದೆ. ಇನ್ನು ಚೀಟಿಯ ಗೋಳು. ನಮ್ಮ ಕಸುಬಿನಲ್ಲಿ ಯಾವ ಬುತ್ತಿ ಕಟ್ಟಿದರೂ ‘ಇತ್ತೀಚಿನದು’ ಎಂದು ಚೀಟಿ ಹಚ್ಚುವ ಚಟವಿದೆ. ಯಾವುದಕ್ಕಿಂತ ಇತ್ತೀಚಿನದು ಎಂದು ಚೀಟಿ ಹೇಳುವುದಿಲ್ಲ. ನಮ್ಮ ತವರಿನಲ್ಲೊಂದು ಹೊಸಬಾವಿ ಇದೆ. ತೋಡಿಸಿದ್ದು ಯಾರ ಕಾಲಕ್ಕೋ ಗೊತ್ತಿಲ್ಲ, ಅದಕ್ಕಿಂತ ಹಳೆಯ ಬಾವಿ ಊರಲ್ಲಿ ಯಾರೂ ಕಂಡಿಲ್ಲ, ಹೆಸರು ಮಾತ್ರ ಹೊಸಬಾವಿ. ನನ್ನ ಕಪಾಟಿನ ತುಂಬ ಅಂಥವೇ ಹೊಸಬಾವಿಗಳಿದ್ದವು.

ಸಂಕ್ರಾಂತಿ ಮುಗಿದ ಮೇಲೆ ಡಿಸ್ಕು ತುಂಬಿತು. ಹೊಸ ಬುತ್ತಿ ಇಡಲು ಜಾಗವಿಲ್ಲ. ಚೀಟಿ ಹರಿದರೆ ಜಾಗ ಆಗುವುದಿಲ್ಲ, ಗಂಟು ಅಲ್ಲೇ ಉಳಿಯುತ್ತದೆ. ಆಮೇಲೆ ಕಪಾಟಿಗೆ ಯಾರೂ ಏನೂ ಇಡದಂತೆ ಬಾಗಿಲು ಹಾಕಿಕೊಂಡು, ಚೀಟಿಯಿಲ್ಲದ ಗಂಟುಗಳನ್ನು ಗುಡಿಸಿ ಹಾಕಬೇಕು. ಯಾವ ಚೀಟಿ ಹರಿಯಬೇಕು ಎಂಬುದೇ ಪ್ರಶ್ನೆ. ಬಲ್ಲವರು ಬರೆದದ್ದನ್ನೆಲ್ಲ ಓದಿದೆ. ಆರು ತಿಂಗಳು ಯಾರೂ ಕೇಳದಿದ್ದರೆ ಅದು ಕಸ ಎಂದಿದ್ದರು. ಸರಿ ಕಂಡಿತು. ಸೆರಗು ಸಿಕ್ಕಿಸಿಕೊಂಡು ಗುಡಿಸಿದೆ. ಅರ್ಧ ಡಿಸ್ಕು ಖಾಲಿ. ಆ ಉಮೇದಿನಲ್ಲೇ ಮನೆಯ ಅಟ್ಟಕ್ಕೂ ಕೈ ಹಾಕಲು ಹೊರಟೆ. ಜೋಕಾಲಿ ಹಗ್ಗ, ಶಾವಿಗೆ ಮಣೆ, ಕಾರಹುಣ್ಣಿಮೆಗೆ ಎತ್ತಿಗೆ ಕಟ್ಟುವ ಗೆಜ್ಜೆ, ಹಿಡಿಯಿಲ್ಲದ ಸೌಟು, ಎಂದೋ ಸತ್ತ ರೇಡಿಯೊ. ಅತ್ತೆ ಏಣಿಯನ್ನೇ ಹಿಡಿದು ನಿಂತರು.

“ಆರ ತಿಂಗಳಿಂದ ಯಾವುದನ್ನೂ ಮುಟ್ಟಿಲ್ರಿ ಅತ್ತಿ” ಎಂದೆ.

“ಪಂಚಮಿ ಆರ ತಿಂಗಳಿಗೊಮ್ಮಿ ಬರತೈತೇನ? ಇಳಿ ಕೆಳಗ.”

ಸೌಟು, ರೇಡಿಯೊ ಯಾವ ಹಬ್ಬಕ್ಕೆ ಎಂದು ಕೇಳಬೇಕೆನ್ನಿಸಿತು. ಏಣಿ ಇಳಿದೆ.

ಪಂಚಮಿಯ ಆ ಮಾತಿನ ಕಿವಿ ಹಿಂಡುವ ಗುಣ ನನಗೆ ತಿಳಿದದ್ದು ದ್ರಾಕ್ಷಿ ಸುಗ್ಗಿಯಲ್ಲಿ. ಒಂದು ಮುಂಜಾನೆ ಕಳ್ಳಕವಟಗಿಯ ನೀಲವ್ವನ ಫೋನು ಬಂತು. ನೀಲವ್ವ ನನ್ನ ಮೊದಲ ಗಿರಾಕಿ; ಮಷಿನ್ ಎಂದರೇನೆಂದು ಯಾರಿಗೂ ಗೊತ್ತಿಲ್ಲದಾಗ ಕೂಡಿಸಿಕೊಂಡವಳು.

“ಅಕ್ಕೋರ, ಮಷಿನ್ ಮಾತಾಡವಲ್ದುರಿ. ರ್‍ಯಾಕ್ ತುಂಬ ಹಣ್ಣ ಹಾಕೇನಿ. ಮ್ಯಾಲ ನೋಡಿದ್ರ ಮೋಡ ಕಟ್ಟಾಕತ್ತಾವು.”

ಒಣಗಲು ಹಾಕಿದ ಹಣ್ಣಿಗೆ ಮಳೆಗಾಳಿ ತಗುಲಿದರೆ ಕಪ್ಪಾಗುತ್ತದೆ, ಇಡೀ ವರ್ಷದ ದುಡಿಮೆ ಬಣ್ಣಗೆಡುತ್ತದೆ. ಮೊದಲೇ ತಾಡಪತ್ರಿ ಇಳಿಸಿಟ್ಟರೆ ಗಾಳಿಯಾಡದೆ ಹಣ್ಣು ಕೊಳೆಯುತ್ತದೆ. ಮಷಿನ್ ಇಲ್ಲದ ಕಾಲದಲ್ಲಿ ನೀಲವ್ವ ಶೆಡ್ಡಿನಲ್ಲೇ ಹೊರಸು ಹಾಕಿಕೊಂಡು ಮಲಗುತ್ತಿದ್ದಳು. ಈ ಸಲ ಹಾಗೆ ಮಾಡುವಂತಿರಲಿಲ್ಲ. ಮನೆಯಲ್ಲಿ ಮಗಳು ಹಸಿ ಬಾಣಂತಿ, ಶೆಡ್ಡು ಊರ ಹೊರಗೆ. ನೀಲವ್ವ ಒಬ್ಬಳು, ಕಾಯಬೇಕಾದ ಜಾಗ ಎರಡು.

ಆಗಿದ್ದು ಇಷ್ಟೇ. ಆಕೆಯ ಮಷಿನ್ನಿನ ಮೆಮೊರಿ ಕಾರ್ಡು ಕೆಟ್ಟಿತ್ತೆಂದು ಹಿಂದಿನ ವಾರ ನಾನೇ ಹೊಸದು ಹಾಕಿಸಿದ್ದೆ. ಹೊಸ ಕಾರ್ಡಿನ ಹೊಟ್ಟೆ ಖಾಲಿ. ಅದು ನನ್ನ ಕಪಾಟಿಗೆ ಬುತ್ತಿ ಕೇಳಿದೆ, ಕಪಾಟು ಅಂಥದ್ದೇನೂ ಇಲ್ಲ ಎಂದಿದೆ. ಹೇಗಿದ್ದೀತು? ಹೋದ ಸುಗ್ಗಿಯಿಂದ ಯಾರೂ ಕೇಳಿರಲಿಲ್ಲ, ಕಸವೆಂದು ನಾನು ಗುಡಿಸಿದ್ದೆ. ಆರು ತಿಂಗಳ ನಿಯಮ ಬರೆದವರ ಊರಿನಲ್ಲಿ ಸುಗ್ಗಿ ಇರಲಿಕ್ಕಿಲ್ಲ. ಅಲ್ಲಿ ದಿನವೂ ಒಂದೇ ನಮೂನೆ, ಬೇಕಾದ್ದು ದಿನಾ ಬೇಕು, ಬೇಡಾದ್ದು ಎಂದೂ ಬೇಡ. ನಮ್ಮ ಕಡೆ ಕೂರಿಗೆ ವರ್ಷಕ್ಕೊಮ್ಮೆ ಹೊರಬೀಳುತ್ತದೆ. ಹಾಗೆಂದು ಯಾರೂ ಅದನ್ನು ಒಲೆಗೆ ಹಾಕುವುದಿಲ್ಲ. ನಾನು ಮಾತ್ರ ಹಾಕಿದ್ದೆ.

ಬ್ಯಾಕಪ್ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು, ಬಹಳ ವಿಧೇಯ ಬ್ಯಾಕಪ್. ನಾನು ಅಳಿಸಿದ್ದನ್ನೆಲ್ಲ ಅದೂ ಚಾಚೂ ತಪ್ಪದೆ ಅಳಿಸಿತ್ತು. ಹೊಸದಾಗಿ ಬುತ್ತಿ ಕಟ್ಟೋಣವೆಂದರೆ ನೀಲವ್ವನ ಶೆಡ್ಡಿನದು ಹಳೆಯ ನಮೂನೆಯ ಹಸಿಮಾಪಕ. ಅದರ ಮಾತು ತಿಳಿಯುವ ಹಳೆಯ ಸಾಮಾನು ಈಗ ಯಾವ ಕಡೆಯೂ ಸಿಗುವುದಿಲ್ಲ. ಮಧ್ಯಾಹ್ನದವರೆಗೆ ಹೆಣಗಿದೆ. ಹೊರಗೆ ಮೋಡ ದಟ್ಟವಾಗುತ್ತಿತ್ತು. ನೀಲವ್ವ ನನ್ನನ್ನು ನಂಬಿ ಹೊರಸು ಎತ್ತಿಟ್ಟವಳು ಎಂಬುದೇ ಮತ್ತೆ ಮತ್ತೆ ನೆನಪಾಗುತ್ತಿತ್ತು.

ಅಷ್ಟರಲ್ಲಿ ಅತ್ತೆ ಗಡಿಗೆಯನ್ನು ಕೈಯಲ್ಲಿ ಹಿಡಿದು ಬಂದರು. ನಾನು ಪೆಟ್ಟಿಗೆ ಆರಿಸಿ ಹಚ್ಚಿ ಮಾಡಿದ್ದರಿಂದ ಮೊಸರು ಕೆಟ್ಟಿತ್ತೆಂದು ಅವರ ದೂರು. ಬೇಸಿಗೆಯಲ್ಲಿ ಮೊಸರಿಗೆ ಪೆಟ್ಟಿಗೆಯ ಹಂಗಿಲ್ಲ ಎಂದು ನಾನು ವಾದಿಸುವಷ್ಟರಲ್ಲಿ ಅವರು ಪಕ್ಕದ ಮನೆಗೆ ಹೋಗಿ ಬಟ್ಟಲಲ್ಲಿ ಹೆಪ್ಪು ತಂದೂ ಆಯಿತು. ಆ ಮನೆಯವರು ಹೋದ ತಿಂಗಳು ನಮ್ಮಲ್ಲಿಂದಲೇ ಒಯ್ದ ಹೆಪ್ಪು ಅದು. ಬಟ್ಟಲನ್ನೇ ನೋಡುತ್ತ ಕೂತೆ. ನನ್ನ ಬುತ್ತಿ ನನ್ನ ಕಪಾಟಿನಲ್ಲಿ ಇಲ್ಲದಿದ್ದರೇನು, ಹಿಂದೆ ಒಯ್ದವರ ಮನೆಯಲ್ಲಿ ಇರಬೇಕಲ್ಲ. ಸಾರವಾಡಕ್ಕೆ ಕೊಟ್ಟ ನೀಲವ್ವನ ತಂಗಿ ಗಂಗವ್ವನ ಶೆಡ್ಡಿನಲ್ಲೂ ಅದೇ ಹಳೆಯ ಮಷಿನ್ ಇತ್ತು. ಅದರ ಕಾರ್ಡು ಕೆಟ್ಟಿರಲಿಲ್ಲ. ಹಣೆ ಬಡಿದುಕೊಂಡು ಲ್ಯಾಪ್‌ಟಾಪು ಚೀಲಕ್ಕೆ ಹಾಕಿದೆ. ಅತ್ತೆ ದಾರಿಗೆಂದು ರೊಟ್ಟಿ, ಶೇಂಗಾ ಚಟ್ನಿಯ ಸ್ಟೀಲ್ ಡಬ್ಬಿ ತುರುಕಿದರು. ಸ್ಕೂಟಿ ಪಂಕ್ಚರಾಗಿತ್ತು, ಬಸ್ಸು ಹಿಡಿದೆ. ಬಸ್ಸು ತನ್ನ ಸಮಯಕ್ಕೆ ಬಂದು ತನ್ನ ಸಮಯಕ್ಕೆ ಹೋಯಿತು.

ಸಾರವಾಡ ಮುಟ್ಟಿದಾಗ ಗಂಗವ್ವ ದೇವರ ಮುಂದೆ ದೀಪ ಹಚ್ಚುತ್ತಿದ್ದಳು. ನಾನು ಅವಸರದಲ್ಲಿ ವಿಷಯ ಹೇಳಿದೆ. ಮಷಿನ್ ಒಯ್ಯುತ್ತಾರೆಂದು ಆಕೆಯ ಮುಖ ಸಣ್ಣದಾಯಿತು, ಆಕೆಯದೂ ಹಣ್ಣು ರ್‍ಯಾಕಿನ ಮೇಲೇ ಇತ್ತು. “ಮಷಿನ್ ಬ್ಯಾಡವಾ, ಒಳಗಿಂದು ಅಷ್ಟ ಸಾಕು. ನಿಂದೇನೂ ಕಡಿಮಿ ಆಗೂದಿಲ್ಲ. ಹೆಪ್ಪ ಕೊಟ್ರ ಮೊಸರ ಕಡಿಮಿ ಆಗತೈತೇನು?” ಎಂದೆ. ಹೋಲಿಕೆ ಬಹಳ ಚೆಂದ ಬಂತೆಂದು ನನಗೇ ಖುಷಿಯಾಯಿತು.

ಗಂಗವ್ವನಿಗೂ ಪಟ್ಟನೆ ಅರ್ಥವಾಯಿತು. ಅರ್ಥವಾದದ್ದೇ ತಪ್ಪಾಯಿತು.

“ಹೆಪ್ಪ ಅಂದ್ರ ಬ್ಯಾಡ್ರಿ ಅಕ್ಕೋರ” ಎಂದಳು. “ದೀಪಾ ಹಚ್ಚಿದ ಮ್ಯಾಲ ಹಾಲು, ಹೆಪ್ಪ ನಾವು ಹೊರಗ ಕೊಡೂದಿಲ್ಲ. ನಮ್ಮತ್ತಿ ಇದ್ದಾಗಿಂದ ನಡದ ಬಂದೈತಿ. ಮುಂಜಾನೆ ಒಯ್ಯಿರಿ.”

ಇದು ಹೆಪ್ಪಲ್ಲ, ಕಂಪ್ಯೂಟರಿನ ಪ್ರೋಗ್ರಾಮು ಎಂದೆ. ಈಗಷ್ಟೇ ಹೆಪ್ಪು ಎಂದವರು ನೀವೇ ಅಲ್ಲವೇ ಎಂಬಂತೆ ನೋಡಿದಳು. ನಿನ್ನ ಅಕ್ಕನಿಗೇ ಬೇಕಾದದ್ದು ಎಂದೆ. “ಅಕ್ಕಗ ಅಂತನ ಹೇಳಾಕತ್ತೇನ್ರಿ. ಆಕಿ ಮನ್ಯಾಗ ಬಾಣಂತಿ, ಕೂಸು. ಆಕಿಗಿ ಕೆಡಕ ಆಗಬಾರದಲ್ಲ.” ಇಷ್ಟು ವರ್ಷ ತರಗತಿಯಲ್ಲಿ ಹೋಲಿಕೆ ಕೊಟ್ಟು ಪಾಠ ಮಾಡಿದ್ದೇನೆ. ಹೋಲಿಕೆಯನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡ ಶಿಷ್ಯೆ ಸಿಕ್ಕಿದ್ದು ಅದೇ ಮೊದಲು. ದೂರದಲ್ಲಿ ಗುಡುಗಿತು. ಇಬ್ಬರೂ ಮೇಲೆ ನೋಡಿದೆವು.

ಗುಡುಗು ಗಂಗವ್ವನ ಎದೆಗೂ ಮುಟ್ಟಿರಬೇಕು. ಸೆರಗಿನ ಅಂಚು ತಿರುವುತ್ತ, “ಬರೇ ಕೊಡಾಕ ಬರೂದಿಲ್ರಿ. ಅದಲಬದಲಿ ಆದ್ರ ನಡೀತೈತಿ. ನೀವು ಏನರ ಕೊಡ್ರಿ, ನಾ ಇದನ್ನ ಕೊಡತೀನಿ” ಎಂದಳು.

ಪರಿಹಾರ ಆಕೆಗೆ ಮೊದಲೇ ಗೊತ್ತಿತ್ತೋ, ಅಕ್ಕನ ಸಲುವಾಗಿ ಆಗಷ್ಟೇ ಹುಟ್ಟಿತೋ, ನಾನು ಕೇಳಲಿಲ್ಲ. ಚೀಲಕ್ಕೆ ಕೈ ಹಾಕಿದೆ. ಅತ್ತೆಯ ಚಟ್ನಿ ಡಬ್ಬಿ ಸಿಕ್ಕಿತು. ಎರಡೂ ಕೈಯಿಂದ ಕೊಟ್ಟೆ, ಆಕೆ ಸೆರಗೊಡ್ಡಿ ಇಸಿದುಕೊಂಡಳು. ಬುತ್ತಿಗೆ ಬುತ್ತಿ ಕೊಟ್ಟು ಬುತ್ತಿ ಬಿಡಿಸಿಕೊಂಡವಳು ನಮ್ಮ ಕಸುಬಿನಲ್ಲಿ ನಾನೊಬ್ಬಳೇ ಇರಬೇಕು.

ಶೆಡ್ಡಿನಲ್ಲಿ ಕೂತು, ಗಂಗವ್ವನ ಮಷಿನ್ನಿನಿಂದ ನನ್ನ ಮನೆಯ ಪೆಟ್ಟಿಗೆಗೆ ಬುತ್ತಿ ಕಳಿಸಲು ಹಚ್ಚಿದೆ. ಇಂಟರ್ನೆಟ್ಟು ನನ್ನ ಮೊಬೈಲಿನದು, ನಡಿಗೆ ಎಮ್ಮೆಯದು. ಆದರೆ ರಿಜಿಸ್ಟ್ರಿಗೆ ಒಂದು ಒಳ್ಳೆಯ ಗುಣವಿದೆ. ಇಡೀ ಗಂಟನ್ನು ಅದು ಕೇಳುವುದಿಲ್ಲ. ರೊಟ್ಟಿ ನನ್ನಲ್ಲಿದೆ, ಪಲ್ಯವೂ ಇದೆ, ಇಲ್ಲದ್ದನ್ನು ಮಾತ್ರ ಕಳಿಸು ಎನ್ನುತ್ತದೆ. ಗುಡಿಸುವಾಗ ಬೇರೆ ಬುತ್ತಿಗಳ ಜೊತೆ ಉಳಿದುಕೊಂಡದ್ದೆಲ್ಲ ಈಗ ಉಪಕಾರಕ್ಕೆ ಬಂತು. ಹೋಗಬೇಕಾದದ್ದು ಸ್ವಲ್ಪವೇ. ಅದು ಹೋಗುವವರೆಗೆ ನಾವಿಬ್ಬರೂ ಅತ್ತೆಯ ಚಟ್ನಿಯಲ್ಲಿ ಗಂಗವ್ವನ ಬಿಸಿ ರೊಟ್ಟಿ ಉಂಡೆವು. ಕೊಟ್ಟ ಚಟ್ನಿಯನ್ನು ತಿಂದರೆ ಅದಲಬದಲಿ ಕೆಡುವುದಿಲ್ಲವೇ ಎಂದು ನನಗೆ ಒಳಗೇ ಅಳುಕಿತ್ತು. ಬಾಯಿ ಬಿಡಲಿಲ್ಲ, ಬುದ್ಧಿ ಬಂದಿತ್ತು.

ಬುತ್ತಿ ಮುಟ್ಟಿದೆ ಎಂದು ಪೆಟ್ಟಿಗೆ ತಿಳಿಸಿತು. ಪ್ರತಿ ಇಮೇಜಿಗೂ ಬೆರಳಚ್ಚಿನಂಥ ಒಂದು ಗುರುತಿರುತ್ತದೆ, ಒಳಗೆ ಒಂದು ಸಾಸಿವೆ ಬದಲಾದರೂ ಅದು ಬದಲಾಗುತ್ತದೆ. ನನ್ನ ಹಳೆಯ ಟಿಪ್ಪಣಿಯೊಂದಿಗೆ ತಾಳೆ ನೋಡಿದೆ. ಇಷ್ಟು ದಿನ ಸಾರವಾಡದಲ್ಲಿ ಇದ್ದು ಬಂದರೂ ಒಂದಕ್ಷರ ಬದಲಾಗಿರಲಿಲ್ಲ. ಇನ್ನು ಕಳ್ಳಕವಟಗಿಯ ಮಷಿನ್ ಅದನ್ನು ಕೇಳಬೇಕು, ಎಳೆದುಕೊಳ್ಳಬೇಕು, ಬಿಚ್ಚಬೇಕು. ಗಂಗವ್ವ ನನ್ನ ಫೋನನ್ನು ನೆಲದ ಮೇಲೆ ಇಬ್ಬರ ನಡುವೆ ಇಟ್ಟಳು. ತಗಡಿನ ಮೇಲೆ ನಾಲ್ಕು ಹನಿ ಬಿದ್ದ ಸದ್ದಿಗೆ ಆಕೆ ಎದ್ದು ತನ್ನ ತಾಡಪತ್ರಿ ಇಳಿಸಿ ಬಂದಳು. ಫೋನು ಹೊಡೆದುಕೊಂಡಿತು. ನೀಲವ್ವ.

“ಅಕ್ಕೋರ, ನಿಮ್ಮ ಅತ್ತಿಯವರು ಬೈದ್ರಿ. ಓಡಿ ಬಂದು ತಾಡಪತ್ರಿ ಇಳಿಸೇನಿ. ಇಳಿಸಿದ ಮ್ಯಾಲ ಹನಿ ಶುರು ಆತು.”

ಹಣ್ಣು ಉಳಿಯಿತು. ನಾನು ಅತ್ತಿದ್ದು ಚಟ್ನಿಯ ಖಾರಕ್ಕೆ ಎಂದು ಗಂಗವ್ವನಿಗೆ ಹೇಳಿದೆ.

ಈಗ ನನ್ನ ಕಪಾಟಿನ ಕಾಯಿದೆ ಬದಲಾಗಿದೆ. ಒಂದು ಉಗಾದಿಯಿಂದ ಇನ್ನೊಂದು ಉಗಾದಿ ದಾಟುವವರೆಗೆ ಯಾವ ಚೀಟಿಯನ್ನೂ ಹರಿಯುವುದಿಲ್ಲ. ನಾನು ಅಳಿಸಿದ್ದನ್ನು ತಾನೂ ಅಳಿಸದಷ್ಟು ಹಟಮಾರಿ ಬ್ಯಾಕಪ್ಪೊಂದನ್ನು ಬೇರೆ ಡಿಸ್ಕಿನಲ್ಲಿ ಇಟ್ಟಿದ್ದೇನೆ. ಅಟ್ಟದ ರೇಡಿಯೊ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಬದಲಾಗಿಲ್ಲ.

ಒಣದ್ರಾಕ್ಷಿ ರ್‍ಯಾಕಿನಿಂದ ಇಳಿದ ಮೇಲೆ ಸಾರವಾಡದಿಂದ ಗಂಗವ್ವನ ಗಂಡ ನಮ್ಮ ಮನೆಗೆ ಬಂದ. ಕೈಯಲ್ಲಿ ಅತ್ತೆಯ ಸ್ಟೀಲ್ ಡಬ್ಬಿ. ಬಂದ ಡಬ್ಬಿಯನ್ನು ಬರಿದಾಗಿ ತಿರುಗಿಸುವುದು ನಮ್ಮ ಕಡೆ ಇಲ್ಲ. ಒಳಗೆ ಮಣೂಕ, ಈ ಸುಗ್ಗಿಯ ಹೊಸ ಒಣದ್ರಾಕ್ಷಿ, ಗಿಡಿದು ತುಂಬಿತ್ತು. ಅತ್ತೆ ಅದನ್ನು ಪೆಟ್ಟಿಗೆಯ ಮೇಲೆಯೇ ಇಟ್ಟು, ವಾಪಸ್ ಏನು ಕಳಿಸಲಿ ಎಂದು ಒಳಗೆ ಹೊರಟರು. ಆತ ತಡೆದ.

“ಏನೂ ಬ್ಯಾಡಂತ್ರಿ. ನಮ್ಮಾಕಿ ಹೇಳಿ ಕಳಿಸ್ಯಾಳ, ಇದನ್ನ ಹಗಲಾಗ ಕೊಟ್ಟ ಬಾ, ಬದಲಿ ಏನೂ ತರಬ್ಯಾಡ ಅಂತ.”