ಒಂದೇ ಮನೆಯಲ್ಲಿ ಇಬ್ಬರು ಲಗಮಪ್ಪ

ಆಗಿನ ನಮ್ಮೂರು ಮನೋಳಿ ನೆನಪಾದರೆ ನನಗೆ ಮೊದಲು ಕಾಣುವುದು ಎದುರುಮನೆ ಶಟ್ಟೆವ್ವನ ಕಟ್ಟೆ. ಮಧ್ಯಾಹ್ನ ಹೊಳೆಯ ಕಡೆಯಿಂದ ಗಾಳಿ ಬೀಸುತ್ತಿತ್ತು, ಓಣಿಯ ಹೆಂಗಸರೆಲ್ಲ ಅಲ್ಲೇ ಕೂತು ಹತ್ತಿ ಬಿಡಿಸುತ್ತಿದ್ದೆವು. ಅಂಥ ಸುಖ ನನಗೆ ಮತ್ತೆ ಸಿಗಲಿಲ್ಲ. ಒಂದು ದಿನ ಗಡ್ಡ ಬಿಟ್ಟ ಪರಸ್ಥಳದವನೊಬ್ಬ ಗಂಟು ಹೊತ್ತು ಆ ಕಟ್ಟೆಗೆ ಬಂದು ಕೂತ. ನೀರು ಕೊಟ್ಟರೆ ಕುಡಿದ, ಊರು ಕೇಳಿದರೆ ಬಾಯಿ ಬಿಡಲಿಲ್ಲ.

ಅಷ್ಟರಲ್ಲಿ ಶಟ್ಟೆವ್ವನ ಮಗ ಉಳವಪ್ಪ, ಅಂಗಳಕ್ಕೆ ಅಂಬೆಗಾಲಿಟ್ಟು ಬಂದ ತನ್ನ ಕೂಸಿಗೆ ಚೇಷ್ಟೆಗೆ, "ಲಗಮಪ್ಪಾ, ಎಲ್ಲಿ ಹೊಂಟ್ರಿ?" ಎಂದ.

ಕಟ್ಟೆಯ ಮೇಲಿದ್ದಾತ ತನ್ನನ್ನೇ ಕೇಳಿದರೆಂದು ಎದ್ದು ನಿಂತ. "ಎಲ್ಲೂ ಇಲ್ಲಪಾ, ಇಲ್ಲೇ ಅದೇನಿ."

ಒಳಗೆ ಜೋಳ ಹಸನು ಮಾಡುತ್ತಿದ್ದ ಶಟ್ಟೆವ್ವ ಓಡಿ ಬಂದಳು. ಗಡ್ಡ ಮುಚ್ಚಿಟ್ಟದ್ದನ್ನು ದನಿ ಹೇಳಿತ್ತು. ಆತ, ಸತ್ತನೆಂದು ನಾವೆಲ್ಲ ತಿಳಿದಿದ್ದ ಅವಳ ಗಂಡ ಲಗಮಪ್ಪ.

ಮೊದಲ ಪ್ಲೇಗಿನ ವರ್ಷ ಅವನು ಅರಳೆ ಗಾಡಿ ಹೊಡೆದುಕೊಂಡು ಹುಬ್ಬಳ್ಳಿಗೆ ಹೋಗಿದ್ದ. ತಿರುಗಿ ಬಂದಾಗ ಮನೆಮನೆಯ ಬಾಗಿಲಿಗೂ ಮುಳ್ಳುಕಂಟಿ. ನಾವೆಲ್ಲ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದೆವು. ಇವನು ಎಲ್ಲರೂ ಸತ್ತರೆಂದು ತಿಳಿದು, ಅಳುತ್ತ ಮುಂಬಯಿ ದಾರಿ ಹಿಡಿದನಂತೆ. ನಾಲ್ಕು ಹೊಲ ದಾಟಿ ನೋಡುವಷ್ಟು ಬುದ್ಧಿ ಬೇಡವೇ? ಇತ್ತ ನಾವು, ಹುಬ್ಬಳ್ಳಿಯಲ್ಲೇ ಬೇನೆ ಬಿದ್ದು ಹೋದ ಎಂದುಕೊಂಡೆವು. ಶಟ್ಟೆವ್ವ ಬಳೆ ಒಡೆದುಕೊಂಡಳು. ವರ್ಷಗಳ ಮೇಲೆ ಮೊಮ್ಮಗ ಹುಟ್ಟಿದಾಗ ತೊಟ್ಟಿಲಲ್ಲಿ ಅಜ್ಜನ ಹೆಸರೇ ಇಟ್ಟರು. ಅಜ್ಜ ಬದುಕಿದ್ದರೆ ಆ ಹೆಸರು ಇಡುವಂತಿಲ್ಲ.

ಸಂತೋಷ ಸಂಜೆಯ ತನಕವೂ ಉಳಿಯಲಿಲ್ಲ. ಓಣಿಯ ಹಿರಿಯ ನಿಜಗುಣಪ್ಪ ಬಂದು ಕಡ್ಡಿ ಮುರಿದಂತೆ ಹೇಳಿದ: "ಅಜ್ಜ ಇದ್ದಾಗನ ಮೊಮ್ಮಗಗ ಅದ ಹೆಸರಿದ್ರ ಕೂಸಿನ ಆಯುಷ್ಯಕ್ಕ ಚಲೋ ಅಲ್ಲ. ಒಬ್ಬರು ಹೆಸರು ಬಿಡಬೇಕು."

ಲಗಮಪ್ಪ ಕೂಸನ್ನು ಬಹಳ ಹೊತ್ತು ನೋಡಿದ. ಆಮೇಲೆ ತನ್ನ ಗಂಟು ಎತ್ತಿಕೊಂಡ. "ಹೆಸರು ಅದರದ್ದ ಇರಲಿ. ನಾ ಹೆಂಗೂ ಸತ್ತಾವ. ಬರತೇನಿ."

ನಿಜಗುಣಪ್ಪನ ಮೀಸೆ ಕಿತ್ತುಬಿಡುವಷ್ಟು ಸಿಟ್ಟು ನನಗೆ. ಉಳವಪ್ಪ ಒಮ್ಮೆ ಅಪ್ಪನನ್ನು, ಒಮ್ಮೆ ಮಗನನ್ನು ನೋಡುತ್ತ ನಿಂತೇಬಿಟ್ಟ. ಹಿರಿಯರ ಮುಂದೆ ಎಂದೂ ದನಿ ಎತ್ತದ ಶಟ್ಟೆವ್ವ ಸೆರಗು ಎಳೆದುಕೊಂಡು ಬಂದು ಗಂಟಿಗೆ ಕೈ ಹಾಕಿದಳು.

"ಹೆಸರು ಕೂಸಿಗೆ ಬಿಡ್ರಿ. ನಾ ಯಾವತ್ತರ ನಿಮ್ಮನ್ನ ಹೆಸರು ಹಿಡದು ಕರದೇನೇನು? ನೀವ ಒಳಗ ಬರ್ರಿ."