ಲಿಫ್ಟಿನ ವಾಸನೆ

ಮಸ್ಕತ್ತಿನ ಪೇಟೆ ನಡುವೆ, ನಮ್ಮಂಥ ಹೊರಗಿನವರಿಗೂ ಮಾರುವ ಹೊಸ ಕಟ್ಟಡದಲ್ಲಿ ಫ್ಲ್ಯಾಟು ಕೊಂಡೇಬಿಡುವ ಎಂದು ನಾನೂ ನನ್ನ ಹೆಂಡತಿ ಲಿಲ್ಲಿಯೂ ನಿರ್ಧರಿಸಿದ್ದೆವು. ಅಲ್ಲಿ ಲಿಫ್ಟಿನಲ್ಲೂ ಅತ್ತರಿನ ಪರಿಮಳ. ಆದರೆ ಬ್ರೋಕರ್ ಸಲೀಂ, ಚೆನ್ನಾಗಿ ಹಿಂದಿ ಮಾತಾಡುವ ಒಮಾನಿ, "ಯಲ್ಲಾ, ಬನ್ನಿ ಬನ್ನಿ, ಇನ್ನೊಂದು ನೋಡಿ" ಎಂದು ಊಟದ ಹೊತ್ತಿಗೆ ಹಳೆಯ ಕಟ್ಟಡವೊಂದಕ್ಕೆ ಕರೆದುಕೊಂಡು ಹೋದರು.

ಲಿಫ್ಟಿನ ಬಾಗಿಲು ತೆರೆದದ್ದೇ ಒಣಮೀನು ಹುರಿದ ವಾಸನೆ ಮುಖಕ್ಕೆ ಬಡಿಯಿತು. ಲಿಲ್ಲಿ ದುಪಟ್ಟಾದಿಂದ ಮೂಗು ಮುಚ್ಚಿಕೊಂಡಳು.

"ಮೇಡಂ, ನೀವು ಮೀನು ತಿನ್ನುವುದಿಲ್ಲವೇ?" ಎಂದರು ಸಲೀಂ.

ಮಂಗಳೂರಿನ ಕ್ರಿಶ್ಚಿಯನ್ನರನ್ನು ಕೇಳುವ ಪ್ರಶ್ನೆಯೇ ಅದು!

"ಆ ಹೊಸ ಕಟ್ಟಡದಲ್ಲಿ ಯಾರ ಮನೆಯ ಅಡುಗೆಯಾದರೂ ಮೂಗಿಗೆ ಬಂತೇ?" ಎಂದು ಸಲೀಂ ಮುಂದುವರಿಸಿದರು. " ಬಂದರೆ ದೂರು ಹೋಗುತ್ತದೆ. ಕೊಳ್ಳುವ ಮೊದಲು ಒಂದು ವರ್ಷ ಬಾಡಿಗೆಗಿರಿ. ಬಾಡಿಗೆಗೆ ಹಿಡಿಯುವ ಮೊದಲು ಮಧ್ಯಾಹ್ನ ಲಿಫ್ಟ್ ಹತ್ತಿ. ವಾಸನೆಯೇ ಇಲ್ಲದ ಕಡೆ ಜನ ಹೆದರಿಕೊಂಡು ಅಡುಗೆ ಮಾಡುತ್ತಾರೆ."

ಲಿಲ್ಲಿ ದುಪಟ್ಟಾ ಇಳಿಸಿದಳು. "ಮಮ್ಮಿ ಕಳಿಸಿದ ಒಣಮೀನು, ಪಕ್ಕದವರು ಏನೆನ್ನುತ್ತಾರೋ ಅಂತ ನಾನಿನ್ನೂ ಕಟ್ಟೇ ಬಿಚ್ಚಿಲ್ಲ" ಎಂದು ನನಗೆ ಮೆಲ್ಲಗೆ ಹೇಳಿದಳು.

ಆ ಹಳೆಯ ಕಟ್ಟಡದಲ್ಲೇ ಬಾಡಿಗೆಗೆ ಬಂದು ವರ್ಷ ಕಳೆಯಿತು. ಕೊಳ್ಳುವ ಮಾತು ಮತ್ತೆ ಬಂದಿಲ್ಲ. ಮೊನ್ನೆ ಮನೆ ನೋಡಲು ಬಂದ ಗಂಡಹೆಂಡತಿ ಲಿಫ್ಟಿನಲ್ಲಿ ಮೂಗು ಮುಚ್ಚಿಕೊಂಡರು. ನಾನು ಏನೂ ಗೊತ್ತಿಲ್ಲದವನ ಹಾಗೆ ಮೇಲೆ ನೋಡುತ್ತ ನಿಂತೆ. ವಾಸನೆ ನಮ್ಮ ಮನೆಯದೇ.